ಮೀನುಯಂತ್ರದ ಟವೆಲ್ಲು

ಜಗತ್ತಿನಲ್ಲಿ ಯುದ್ಧಗಳು ನಡೆಯುತ್ತಿರುತ್ತವೆ, ಸರ್ಕಾರಗಳು ಬೀಳುತ್ತಿರುತ್ತವೆ; ಅವು ತಮ್ಮ ಪಾಡಿಗೆ ನಡೆಯಲಿ. ಇಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಒಂದು ಟವೆಲ್ಲಿನ ವಿಷಯ. ಟವೆಲ್ಲು ಬಿಳಿಯದು, ಹೊಸತು, ಎರಡೂ ಅಂಚಿಗೆ ನೀಲಿ ಪಟ್ಟಿ ಇದ್ದದ್ದು. ಅದು ಯಾರ ಮುಖ ಒರೆಸಲೆಂದು ಬಂದಿತ್ತು, ಯಾರ ಮೈ ಒರೆಸಿತು ಎಂಬ ಪ್ರಶ್ನೆ ಎದ್ದು, ಅದರ ವಿಚಾರಣೆ ದೋಣಿಯ ಮೇಲೆಯೇ ನಡೆದಿತ್ತು.

“ಇದು ನಿನ್ನ ಮೂಗು ಒರೆಸೋಕೆ ತಂದಿದ್ದೇನೋ, ಹಲ್ಕಾ ನನ್ಮಗನೆ?” ಎಂದು ಮೇಸ್ತ್ರಿ ಕೇಳಿದ.

ದೋಣಿಯವರು ಗೂಬೆ ಎಂದು ಕರೆಯುತ್ತಿದ್ದ ಆ ಆಳು ಮೂಗು ಒರೆಸಿಕೊಂಡಿರಲಿಲ್ಲ, ಕುತ್ತಿಗೆ ಒರೆಸಿಕೊಂಡಿದ್ದ. ಈ ವ್ಯತ್ಯಾಸವನ್ನು ಮೇಸ್ತ್ರಿಯ ಗಮನಕ್ಕೆ ತಂದರೆ ಕೇಸು ಇನ್ನಷ್ಟು ಜಟಿಲವಾಗುತ್ತದೆಂದು ಸುಮ್ಮನೆ ನಿಂತ. ಮೇಸ್ತ್ರಿ ಟವೆಲ್ಲನ್ನು ಮೂಸಿ ನೋಡಿದ. ಬೆವರು ಎಂದ. ಬಲೆಯವರೆಲ್ಲರಿಗೂ ಒಂದೊಂದು ಸಲ ಮೂಸಲು ಕೊಟ್ಟ. ಹಗಲೂ ಇರುಳೂ ಮೀನಿನ ರಕ್ತದಲ್ಲಿ ಅದ್ದಿಕೊಂಡಿರುವ ಆ ಮೂಗುಗಳಿಗೆ ಏನು ತಿಳಿಯಬೇಕು? ಆದರೂ ಎಲ್ಲರೂ ಬೆವರೇ ಎಂದರು.

“ಯಂತ್ರದ ಮುಂದೆ ಹೋಗಿ ನಿಂತ್ಕೊ. ತಪ್ಪಾಯ್ತು ಅನ್ನು.”

“ಯಾರಿಗೆ?”

“ಯಂತ್ರಕ್ಕೆ ಕಣೋ. ನಿನ್ನ ಅಪ್ಪನಿಗಿಂತ ಜಾಸ್ತಿ ಬಾಳುತ್ತೆ ಅದು.”

ಗೂಬೆ ಟವೆಲ್ಲನ್ನು ಎರಡೂ ಅಂಗೈ ಮೇಲೆ ಹರಡಿಕೊಂಡು ಯಂತ್ರಕ್ಕೆ ತಪ್ಪಾಯ್ತು ಎಂದ. ಕೇಳಿಸಲಿಲ್ಲ ಎಂದ ಮೇಸ್ತ್ರಿ. ಮತ್ತೆ ಹೇಳಿದ. ಚುಕ್ಕಾಣಿಯವನು ನಕ್ಕ, ನಗದೆ ಇದ್ದರೆ ಮುಂದಿನ ಸರದಿ ತನ್ನದಾದೀತೆಂಬ ಹೆದರಿಕೆಯ ನಗು ಅದು. ಉಳಿದವರೂ ನಕ್ಕರು. ನಗದೆ ಉಳಿದವನು ಗೂಬೆಯ ಭಾವಮೈದ, ಹೆಂಡತಿಯ ತಮ್ಮ. ಅವನು ಹರಿದ ಬಲೆ ಹೆಣೆಯುತ್ತಾ ಕೂತಿದ್ದವನು ತಲೆ ಎತ್ತಿ ಮೇಸ್ತ್ರಿಯ ಕಡೆ ಒಮ್ಮೆ ನೋಡಿ, ಮತ್ತೆ ಗಂಟು ಹಾಕತೊಡಗಿದ. ಅವನು ನೋಡಿದ್ದನ್ನು ಮೇಸ್ತ್ರಿಯೂ ನೋಡಿದ.

ಗೂಬೆ ಎಂಬುದು ಅವನಿಗೆ ಯಂತ್ರದ ಜೊತೆಗೇ ಬಂದ ಹೆಸರು. ಅದಕ್ಕೆ ಮೊದಲು ಅವನು ಹಗ್ಗ ಎಳೆಯುವವರಲ್ಲಿ ಒಬ್ಬ. ಬಲೆ ಸುತ್ತುವ ಚಕ್ರ ಒಂದು ದಿನ ಅವನ ಬಲಗೈಯನ್ನೂ ಬಲೆಯೆಂದೇ ತಿಳಿದು ಸುತ್ತಿತು. ಕೈ ಉಳಿಯಿತು, ಬೆರಳುಗಳು ಮಾತ್ರ ಮಡಚುವುದನ್ನು ಮರೆತವು. ಮರದ ಸೌಟಿನಂತಾದ ಆ ಕೈಯನ್ನು ಹಗ್ಗ ಒಪ್ಪಲಿಲ್ಲ. ದೋಣಿಯ ಧಣಿ ಅವನನ್ನು ಮನೆಗೆ ಕಳಿಸುವವನೇ ಇದ್ದ. ಅಷ್ಟರಲ್ಲಿ ಯಂತ್ರ ಬಂತು. ಅದರ ಮುಂದೆ ಯಾರಾದರೂ ಒಬ್ಬರು ಕಣ್ಣು ಮಿಟುಕಿಸದೆ ಕೂತಿರಬೇಕಾಗಿತ್ತು. ಆ ಕೆಲಸಕ್ಕೆ ಕೈ ಬೇಕಾಗಿರಲಿಲ್ಲ. ಹೀಗೆ ಅವನಿಗೆ ಕೂರಲು ಒಂದು ಸ್ಟೂಲು ಸಿಕ್ಕಿತು. ಇಡೀ ದೋಣಿಯಲ್ಲಿ ಕೂತು ದುಡಿಯುವವನು ಅವನೊಬ್ಬನೇ ಎಂದು ಉಳಿದವರು ಮೊದಲು ಹೊಟ್ಟೆ ಉರಿದುಕೊಂಡರು, ಆಮೇಲೆ ಬಿಟ್ಟರು. ಆ ಸ್ಟೂಲಿನ ಮೇಲೆ ಕೂತವನ ಮುಖ ದಿನದಿನಕ್ಕೂ ಬಿಳಿಚಿಕೊಳ್ಳುತ್ತಿದ್ದುದನ್ನು ಅವರೂ ಕಂಡಿದ್ದರು.

ಯಂತ್ರದ ಕೆಲಸ ಕೇಳಿದರೆ ಸರಳ. ದೋಣಿಯ ಹೊಟ್ಟೆಯಡಿ ಅಂಟಿಸಿದ ಒಂದು ಗುಂಡಿ ನೀರಿನೊಳಕ್ಕೆ ಸದ್ದು ಬಿಡುತ್ತದೆ. ಸದ್ದು ಯಾವುದಕ್ಕಾದರೂ ಬಡಿದು ಮರಳಿ ಬಂದರೆ ಮೇಲೆ ಗಾಜಿನಲ್ಲಿ ಬಣ್ಣವಾಗುತ್ತದೆ. ನೀರು ನೀಲಿ, ತಳ ಕಂದು, ಮೀನು ಕೆಂಪು. ಧಣಿ ಅದನ್ನು ದೊಡ್ಡ ಅಂಗಡಿಯೊಂದರಲ್ಲಿ ಕಂಡು, ಅಲ್ಲೇ ಮನಸೋತು, ಹೆಣ್ಣು ನೋಡಲು ಹೋದವನು ಅಂದೇ ಮದುವೆ ಮಾಡಿಕೊಂಡು ಬಂದ ಹಾಗೆ ತಂದಿದ್ದ. ಬಂದ ದಿನ ಚುಕ್ಕಾಣಿಯವನ ಹೆಗಲ ಮೇಲೆ ಕೈ ಇಟ್ಟು, ಇನ್ನು ಮೇಲೆ ನೆಪ ಹೇಳುವಂತಿಲ್ಲ ನೋಡಪ್ಪ ಎಂದಿದ್ದ. ಧಣಿ ಮೈ ಮುಟ್ಟಿ ಮಾತಾಡಿದ್ದು ಅದೇ ಮೊದಲು. ಚುಕ್ಕಾಣಿಯವನು ಆ ಹೆಗಲನ್ನು ಇನ್ನೂ ಸ್ವಲ್ಪ ಕುಗ್ಗಿಸಿಕೊಂಡೇ ನಡೆಯುತ್ತಾನೆ.

ಹಿಂದೆ ಹಕ್ಕಿಗಳನ್ನು ನೋಡಿ, ನೀರಿನ ಬಣ್ಣ ನೋಡಿ, ಇಲ್ಲಿರಬಹುದು ಎಂದು ಯಾರೋ ಒಬ್ಬ ಅಂದಾಜು ಹೇಳುತ್ತಿದ್ದ. ಅರ್ಧಕ್ಕರ್ಧ ತಪ್ಪುತ್ತಿತ್ತು. ಅವನ ಅಮ್ಮನನ್ನೂ ಅಕ್ಕನನ್ನೂ ಎಳೆದು ತಂದು ಬೈದು, ಮುಂದೆ ಹೋಗುತ್ತಿದ್ದರು. ಕಾಣದ ಮೀನು ಯಾರ ಲೆಕ್ಕಕ್ಕೂ ಸೇರಿದ್ದಲ್ಲ. ಈಗ ಹಾಗಲ್ಲ. ಯಂತ್ರದ ಪಕ್ಕೆಯಲ್ಲಿ ಉಗುರಿನಷ್ಟು ದೊಡ್ಡದೊಂದು ಬಿಲ್ಲೆ ಇತ್ತು. ಗಾಜಿನ ಮೇಲೆ ಮೂಡಿದ ಬಣ್ಣವೆಲ್ಲ ಅದರೊಳಗೆ ಇಳಿಯುತ್ತಿತ್ತು. ದೋಣಿ ದಡಕ್ಕೆ ಬಂದ ಕೂಡಲೇ ಮೇಸ್ತ್ರಿ ಬಿಲ್ಲೆ ಕಿತ್ತು ಕಚೇರಿಗೆ ಒಯ್ಯುತ್ತಿದ್ದ. ಧಣಿ ಅದನ್ನು ಟಿವಿಗೆ ಸಿಕ್ಕಿಸಿ, ಕಾಲ ಮೇಲೆ ಕಾಲು ಹಾಕಿ, ಒಂದೊಂದು ಕೆಂಪು ಮಚ್ಚೆಯನ್ನೂ ನಿಲ್ಲಿಸಿ ಕೇಳುತ್ತಿದ್ದ: ಇದು ಎಲ್ಲಿ ಹೋಯ್ತು? ಇದು?

ಲೋಳೆಮೀನಿನ ಹಿಂಡೂ ಕೆಂಪಗೆ ಕಾಣುತ್ತದೆ, ಇನ್ನೊಂದು ದೋಣಿ ಎಬ್ಬಿಸಿದ ನೊರೆಯೂ ಕಾಣುತ್ತದೆ ಎಂದು ಹೇಳಿದವನಿಗೆ, ನಿನ್ನ ಮುಖವೂ ಈಗ ಕೆಂಪಗೆ ಕಾಣುವ ಹಾಗೆ ಮಾಡ್ಲಾ ಎಂದು ಉತ್ತರ ಬಂದಿತ್ತು. ಹೀಗಾಗಿ ಕಾಲಡಿ ಮೀನು ಕಾಣದಿರಲಿ ಎಂದು ಬೇಡಿಕೊಳ್ಳುವ ಮೀನುಗಾರರ ಕುಲವೊಂದು ಭೂಮಿಯ ಮೇಲೆ ಹುಟ್ಟಿಕೊಂಡಿತು. ಗಾಜು ನೀಲಿಯಾಗಿದ್ದಷ್ಟು ಹೊತ್ತು ಗೂಬೆ ಉಸಿರಾಡುತ್ತಿದ್ದ. ಕೆಂಪು ಮೂಡಿತೋ, ಅವನ ಕಂಕುಳು ಒದ್ದೆಯಾಗುತ್ತಿತ್ತು. ಟವೆಲ್ಲು ಕುತ್ತಿಗೆಗೆ ಹೋದದ್ದು ಆ ಬೆವರಿಗೇ.

ತಪ್ಪೊಪ್ಪಿಗೆಯ ಮಾರನೆಯ ದಿನ ಗೂಬೆ ಯಂತ್ರವನ್ನು ಉಜ್ಜಿದ. ಉಜ್ಜಿದ ಎಂದರೆ ಸಾಲದು. ಹೊಸ ಸೊಸೆ ಅತ್ತೆಯ ಎದುರು ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ. ಎಡಗೈ ಯಂತ್ರದ ತಲೆ ಹಿಡಿದುಕೊಂಡಿತ್ತು, ಮಡಚದ ಬಲಗೈಯ ಬುಡಕ್ಕೆ ಟವೆಲ್ಲು ಸುತ್ತಿ ಗಾಜು, ಗುಬುಟು, ಗುಂಡಿಗಳ ಸಂದು, ಮೂಲೆ ಮುಡುಕು ಎಲ್ಲ ಬಿಡದೆ ಒತ್ತಿದ. ಯಂತ್ರ ಎರಡು ಸಲ ಚಿಂವ್ ಎಂದಿತು. ಗಾಜಿನ ಮೇಲುಮೂಲೆಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು ಮಿಣುಕತೊಡಗಿದವು. ಗೂಬೆಗೆ ಆ ಭಾಷೆ ಓದಲು ಬಾರದು, ದೋಣಿಯಲ್ಲಿ ಬೇರೆ ಯಾರಿಗೂ ಬಾರದು. ಚೊಕ್ಕಟವಾದದ್ದಕ್ಕೆ ಯಂತ್ರ ಖುಷಿಪಟ್ಟಿದೆ, ತಪ್ಪನ್ನು ಮನ್ನಿಸಿದೆ ಎಂದುಕೊಂಡ.

ಅಂದಿನಿಂದ ಸಮುದ್ರದ ತುಂಬ ಮೀನು.

ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲೇ ಕೆಂಪು. ಕೊಲ್ಲಿಯಲ್ಲಿ ಕೆಂಪು, ಆಳದಲ್ಲಿ ಕೆಂಪು, ಹಿಂದೆಂದೂ ಒಂದು ಸೀಗಡಿಯೂ ಸಿಗದ ಬೋಳು ಮರಳಿನ ಮೇಲೂ ಕೆಂಪು. ದೊಡ್ಡ ಕಮಾನಿನಂಥ ಮೂರು ಮೀನು ಸಾಲಾಗಿ ಒಂದು ದಿಬ್ಬದ ಮೇಲೆ ಹಾದು ಹೋಗುತ್ತಿದ್ದವು, ಅವುಗಳ ಹಿಂದೆ ಮರಿಗಳ ಮೋಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೂರು. ಗೂಬೆ ಬಿಡು ಎಂದ, ಬಲೆ ಬಿಟ್ಟರು, ಎಳೆದರು. ಬಲೆಯಲ್ಲಿ ನೀರು ಇತ್ತು, ಅದೂ ಸೋರಿಹೋಯಿತು. ಮತ್ತೆ ಬಿಟ್ಟರು. ಒಂದು ಒಡೆದ ಬಕೆಟ್ಟು ಬಂತು.

ಬಲೆಯವರು ಗೂಬೆಯ ಮುಖ ನೋಡಿದರು. ಗೂಬೆ ಗಾಜು ನೋಡಿದ. ಗಾಜಿನಲ್ಲಿ ಆ ಮೂರು ಮೀನುಗಳು ಏನೂ ಆಗಿಲ್ಲವೆಂಬಂತೆ ಹೋಗುತ್ತಿದ್ದವು.

ಮೊದಲ ಸಲ ಧಣಿ ಬೈದ. ದುಡಿದವರು ಮನೆಗೆ ಒಯ್ಯುವ ಒಂದು ಹಿಡಿ ಪಾಲು ಮೀನನ್ನು ನಿಲ್ಲಿಸಿದ. ಎರಡನೆಯ ಸಲ ಮೇಸ್ತ್ರಿ ಚುಕ್ಕಾಣಿಯವನ ಕೆನ್ನೆಗೆ, ಧಣಿ ಮುಟ್ಟಿದ್ದ ಹೆಗಲಿನ ಪಕ್ಕದ ಕೆನ್ನೆಗೇ, ಬಾರಿಸಿದ. ನಡುನೀರಿನಲ್ಲಿ ಬೇರೆ ದೋಣಿಗೆ ಮೀನು ಮಾರಿಕೊಂಡು ಬರುತ್ತಿದ್ದಾರೆ ಎಂಬುದು ಧಣಿಯ ಗುಮಾನಿ. ಟಿವಿಯಲ್ಲಿ ಕಂಡ ಮೀನು ಬುಟ್ಟಿಯಲ್ಲಿ ಇಲ್ಲವೆಂದರೆ ಬೇರೆ ಅರ್ಥವೇನು? ಅವನ ಜಾಗದಲ್ಲಿ ಕೂತು ನೋಡಿದರೆ ಅದೂ ನ್ಯಾಯವೇ. ಆದರೆ ಆ ಜಾಗದಲ್ಲಿ ಕುರ್ಚಿ ಇದ್ದದ್ದು ಒಂದೇ.

ಮೂರನೆಯ ಸಲ ಗೂಬೆ ಎಲ್ಲರಿಗಿಂತ ಕೊನೆಗೆ ದೋಣಿ ಹತ್ತಿದ. ಗಾಜಿನ ಮೇಲೆ ಟವೆಲ್ಲು ಇಳಿಬಿಟ್ಟು ಕೂತ. ಕಾಣದಿದ್ದರೆ ಇಲ್ಲವೆಂದು ಅಂದುಕೊಳ್ಳುವ ಹುನ್ನಾರ ಅದು. ಯಂತ್ರ ಟವೆಲ್ಲಿನ ಹಿಂದೆ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಾ ಎಲ್ಲವನ್ನೂ ಬಿಲ್ಲೆಗೆ ಇಳಿಸುತ್ತಿತ್ತು. ಭಾವಮೈದ ಬಂದು ಟವೆಲ್ಲಿನ ಒಂದು ತುದಿ ಎತ್ತಿ ನೋಡಿ, ಭಾವ, ಇವತ್ತೂ ಮೂರು ಜನ ನೆಂಟರು ಬಂದಿದ್ದಾರಲ್ಲ, ಊಟಕ್ಕೆ ಏಳಿಸೋದು ಯಾವಾಗ ಎಂದು ಕೇಳಿದ. ಗೂಬೆಗೆ ನಗು ಬರಲಿಲ್ಲ.

ದೋಣಿ ಮರಳಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಎಲ್ಲರನ್ನೂ ಕಚೇರಿಯ ಮುಂದೆ ಸಾಲಾಗಿ ನಿಲ್ಲಿಸಿದರು. ಮೊಣಕಾಲವರೆಗೆ ಒದ್ದೆ, ಬರಿಗಾಲು. ಬಾಗಿಲು ತೆರೆದೇ ಇತ್ತು, ಟಿವಿ ಕಾಣುತ್ತಿತ್ತು. ಧಣಿ ಕೂಗಾಡುವ ಜಾತಿಯವನಲ್ಲ. ಅವನ ದನಿ ಮೆತ್ತಗಾದಷ್ಟೂ ಕೇಳುವವರ ಮೊಣಕಾಲು ಮೆತ್ತಗಾಗುತ್ತಿತ್ತು.

“ಗೂಬೆ, ನೀನೇ ಹೇಳಪ್ಪ. ಇದೇನು?”

“ಕೆಂಪು, ಧಣಿ.”

“ಕೆಂಪು ಅಂದ್ರೆ?”

“ಮೀನು.”

“ನೀನೇ ಕಣ್ಣಾರೆ ನೋಡಿದೀಯ?”

“ನೋಡಿದೀನಿ.”

ಬೇರೆ ಏನು ಹೇಳಬೇಕಿತ್ತು? ನೋಡಿಲ್ಲ ಎಂದರೆ ಸ್ಟೂಲಿನ ಮೇಲೆ ನಿದ್ದೆ ಹೊಡೆದ ಅಪರಾಧ, ನೋಡಿದೆ ಎಂದರೆ ಕದ್ದ ಅಪರಾಧ. ಸಾಲಿನಲ್ಲಿ ನಿಂತವರ ಉಸಿರು ತನ್ನ ಬೆನ್ನಿಗೆ ತಾಗಿದಂತಾಯಿತು ಗೂಬೆಗೆ.

ಆಗ ಭಾವಮೈದ ಬಾಯಿ ಬಿಟ್ಟ. “ಅಷ್ಟೊಂದು ಮೀನು ಕಂಡಿದ್ರೆ ಆ ಯಂತ್ರಕ್ಕೇ ಹೇಳಿ ಧಣಿ, ಬಲೆನೂ ಅದೇ ಎಳೀಲಿ. ನಮ್ಮ ಕೈಗೆ ಸಿಗೋ ಮೀನು ಅದಲ್ಲ.”

ಧಣಿ ಟಿವಿ ಆರಿಸಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ.

“ಹುಡುಗನಿಗೆ ಬಿಸಿಲು ತಾಗಿದೆ,” ಎಂದ. “ಸ್ವಲ್ಪ ತಣ್ಣಗಾಗಲಿ.”

ಆ ಮಾತಿನ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಚೇರಿಯ ಎಡಕ್ಕೆ ಮೀನು ಕತ್ತರಿಸುವ ಷೆಡ್ಡು, ಬಲಕ್ಕೆ ಐಸಿನ ಕೋಣೆ. ದಪ್ಪ ಗೋಡೆ, ಕಿಟಕಿ ಇಲ್ಲ, ಹೊರಗಿನಿಂದ ಹಾಕುವ ಕಬ್ಬಿಣದ ಅಗುಳಿ. ಒಳಗೆ ಆಳೆತ್ತರಕ್ಕೆ ಪೇರಿಸಿದ ಮಂಜುಗಡ್ಡೆ. ಹಿಂದೊಮ್ಮೆ ಎಂಜಿನ್ನಿನವನನ್ನು ಹೀಗೇ ತಣ್ಣಗೆ ಮಾಡಿದ್ದರು. ಅವನು ಹೊರಬಂದ, ಒಳಗೆ ಏನಾಯಿತೆಂದು ಹೇಳಲಿಲ್ಲ. ಈಗ ಅವನಿಗೆ ನಡುಮಧ್ಯಾಹ್ನದಲ್ಲೂ ಬೆಂಕಿಕಡ್ಡಿ ಗೀರಲಾಗುವುದಿಲ್ಲ, ಕೈ ನಿಲ್ಲುವುದಿಲ್ಲ. ಗೂಬೆಯನ್ನು ಒಳಗೆ ಹಾಕಲಿಲ್ಲ. ಯಂತ್ರ ನೋಡುವವನು ಬೇಕು; ಬೇಕಾದವನನ್ನು ಕೆಡಿಸದೆ, ಅವನಿಗೆ ಬೇಕಾದವನನ್ನು ಹಿಡಿಯುವುದರಲ್ಲಿ ಧಣಿ ಪಳಗಿದ್ದ. ಮೀನು ಎಲ್ಲಿ ಮಾರಿದೆವು ಎಂದು ಯಾರಾದರೂ ಒಬ್ಬರು ಬಾಯಿ ಬಿಡುವವರೆಗೆ ಅಗುಳಿ ತೆಗೆಯುವಂತಿಲ್ಲ ಎಂದು ಹೇಳಿ ಒಳಗೆ ಹೋದ.

ಐಸಿನ ಕೋಣೆಯನ್ನು ಕಾಯುತ್ತಿದ್ದವನು ಒಬ್ಬ ಮುದುಕ. ಐಸಜ್ಜ ಎನ್ನುತ್ತಿದ್ದರು. ಅವನ ಇಡೀ ಬದುಕು ಒಂದು ನಿಯಮದ ಮೇಲೆ ನಿಂತಿತ್ತು. ಬಂದರಿನಲ್ಲಿ ‘ಬಂತೋ’ ಎಂದು ಬಲೆ ಎಳೆಯುವವರ ಕೂಗು ಕೇಳಿದ ಕೂಡಲೇ ಅಗುಳಿ ಎಳೆಯಬೇಕು. ಮೀನು ಬಾಗಿಲಲ್ಲಿ ಕಾಯಬಾರದು, ಕಾದರೆ ಕೆಡುತ್ತದೆ. ನನ್ನ ಅಪ್ಪನೇ ಅಡ್ಡ ನಿಂತಿದ್ದರೂ ಮೀನು ಬಂದಾಗ ಬಾಗಿಲು ಮುಚ್ಚಿರಕೂಡದು ಎಂದು ಧಣಿಯೇ ಮಾಡಿದ್ದ ನಿಯಮ ಅದು. ಒಮ್ಮೆ ಐಸಜ್ಜ ತೂಕಡಿಸಿ ತಡ ಮಾಡಿದ್ದಕ್ಕೆ, ಕೆಟ್ಟ ಮೀನನ್ನು ಬೆಳಗಿನಿಂದ ಸಂಜೆಯವರೆಗೆ ಅವನ ಕೊರಳಿಗೆ ನೇತುಹಾಕಿ ಕೂರಿಸಿದ್ದರು. ಆಮೇಲೆ ಅವನು ತೂಕಡಿಸಲಿಲ್ಲ. ನಿದ್ದೆಯಲ್ಲಿ ಆ ಕೂಗು ಕೇಳಿದರೂ ಅವನ ಕೈ ಗಾಳಿಯಲ್ಲಿ ಅಗುಳಿ ಎಳೆಯುತ್ತದೆ ಎಂದು ಅವನ ಸೊಸೆ ಹೇಳಿಕೊಂಡು ನಗುತ್ತಿದ್ದಳು.

ಭಾವಮೈದ ಒಳಗೆ ಹೋದ. ಐಸಜ್ಜ ಅಗುಳಿ ಹಾಕಿದ, ಗೋಡೆಯ ಕಡೆ ತಿರುಗಿ ಕೂತ. ಮಂಜುಗಡ್ಡೆ ಒಡೆಯುವ ಸರಳು ಹಿಡಿದು ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. ಸ್ವಲ್ಪ ಹೊತ್ತು ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬರುತ್ತಿತ್ತು, ಜೊತೆಗೆ ಮೇಸ್ತ್ರಿಯ ತಾಯಿಯ ಬಗ್ಗೆ ಕೆಲವು ಮಾತು. ಆಮೇಲೆ ಮಾತು ನಿಂತಿತು, ಬಡಿತ ಉಳಿಯಿತು.

ಇತ್ತ ಧಣಿಗೆ ಇನ್ನೊಂದು ಯೋಚನೆ ಹೊಳೆದಿತ್ತು. ದೋಣಿಯ ಹೊಟ್ಟೆಯಲ್ಲಿ ಎಲ್ಲೋ ಕಳ್ಳಗೂಡು ಇರಬೇಕು. ದೋಣಿಯನ್ನು ನೀರಿನಿಂದ ಮೇಲೆಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ತಟ್ಟಿ ನೋಡಬೇಕು. ಎಳೆಯುವವರು ಯಾರು? ಅದೇ ಬಲೆಯವರು. ತಮ್ಮ ಕಳ್ಳತನದ ಸಾಕ್ಷಿಯನ್ನು ತಾವೇ ಹಗ್ಗ ಕಟ್ಟಿ ದಡಕ್ಕೆ ಎಳೆದರು. ಬಡಗಿ ಸುತ್ತಿಗೆ ಹಿಡಿದು ದೋಣಿಯ ಪಕ್ಕೆಗಳನ್ನು ವೈದ್ಯನ ಹಾಗೆ ತಟ್ಟಿ ತಟ್ಟಿ ಕಿವಿಗೊಟ್ಟ. ಟೊಳ್ಳು ಎಲ್ಲೂ ಕೇಳಲಿಲ್ಲ. ನೆರಳು ಸಿಕ್ಕಿತೆಂದು ಒಂದು ನಾಯಿ ದೋಣಿಯಡಿ ಬಂದು ಮಲಗಿತು.

ಧಣಿ ನೋಡಲು ಬರುತ್ತಾರೆ, ಯಂತ್ರ ಒರೆಸಿಡು ಎಂದು ಮೇಸ್ತ್ರಿ ನಿಂತಲ್ಲಿಂದಲೇ ಕೂಗಿ ಹೇಳಿದ. ಗೂಬೆ ಏಣಿ ಹತ್ತಿದ. ಟವೆಲ್ಲಿನಿಂದ ಒರೆಸುವಾಗ ಗುಂಡಿ ಒತ್ತಿಹೋಗಿ ಯಂತ್ರ ಬೆಳಗಿತು.

ನೀರು ನೀಲಿ, ತಳ ಕಂದು. ದಿಬ್ಬದ ಮೇಲೆ ಮೂರು ದೊಡ್ಡ ಮೀನು, ಹಿಂದೆ ಮರಿಗಳ ಮೋಡ.

ಗೂಬೆ ಬಗ್ಗಿ ಕೆಳಗೆ ನೋಡಿದ. ಒಣ ಮರಳು, ಬಡಗಿ ಬಿಟ್ಟುಹೋದ ಚಪ್ಪಲಿ, ಕಾಲು ಚಾಚಿ ಮಲಗಿದ ನಾಯಿ. ಮತ್ತೆ ಗಾಜು ನೋಡಿದ. ಇನ್ನೂ ಮೂರು ಬರುತ್ತಿದ್ದವು.

ಅವನಿಗೆ ಮೊದಲು ಹೊಳೆದದ್ದು ಸತ್ಯ ಸಿಕ್ಕಿತು ಎಂದಲ್ಲ. ಈ ಮೀನುಗಳ ಲೆಕ್ಕವನ್ನೂ ನನ್ನ ತಲೆಗೇ ಕಟ್ಟುತ್ತಾರಲ್ಲ ಎಂದು. ನೆಲದ ಮೇಲೆ ಇಷ್ಟೊಂದು ಮೀನು ಇದ್ದವು, ಅವನ್ನೂ ಮಾರಿಕೊಂಡೆಯಾ ಎಂದು ಕೇಳುವ ಮೆತ್ತಗಿನ ದನಿ ಕಿವಿಯಲ್ಲೇ ಕೇಳಿಸಿತು. ಗಾಜಿನ ಮೇಲೆ ಟವೆಲ್ಲು ಎಸೆದು, ಅದು ಸಾಲದೆಂದು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ. ಮೀನುಗಳು ಹೊರಗೆ ಚಿಮ್ಮಿಬಿಡುತ್ತವೋ ಎಂಬಂತೆ. ಆರಿಸುವ ಗುಂಡಿ ಯಾವುದೆಂದು ಭಯದಲ್ಲಿ ಮರೆತೇಹೋಗಿತ್ತು. ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡು ಏಣಿ ಇಳಿದ. ಯಾರಿಗೂ ಹೇಳಬಾರದು ಎಂದು ನಿಶ್ಚಯಿಸಿಕೊಂಡ.

ಆ ನಿಶ್ಚಯ ಏಣಿಯ ಕೊನೆಯ ಮೆಟ್ಟಿಲವರೆಗೆ ಬಾಳಿತು. ಕೆಳಗೆ ಹೆಂಡತಿ ನಿಂತಿದ್ದಳು. ಕತ್ತರಿಸುವ ಷೆಡ್ಡಿನಿಂದ ಹಾಗೇ ಎದ್ದು ಬಂದಿದ್ದಳು, ಕೈಯಲ್ಲಿ ಚೂರಿ, ಮೊಣಕೈವರೆಗೆ ಮೀನಿನ ಹುರುಪೆ.

“ಬಡಿಯೋದು ನಿಂತಿದೆ,” ಎಂದಳು.

ಗೂಬೆ ಐಸಿನ ಕೋಣೆಯ ಕಡೆ ತಿರುಗಿ ನೋಡಿದ.

“ನನ್ನ ತಮ್ಮ ಬಾಗಿಲು ಬಡೀತಿದ್ದ. ನಾನು ಚೂರಿ ಆಡಿಸ್ತಾ ಅದನ್ನೇ ಕೇಳ್ತಿದ್ದೆ. ಈಗ ನಿಂತಿದೆ. ನೀನು ಮೇಲೆ ಕೂತು ಆ ಡಬ್ಬಿಗೆ ಸ್ನಾನ ಮಾಡಿಸ್ತಿದೀಯ.”

ಗೂಬೆಗೆ ಅಳು ಬಂತು. ಅಳುತ್ತಲೇ, ಮರಳಿನಲ್ಲಿ ಮೀನಿದೆ ಎಂದ. ಅವಳು ಅವನ ಮುಖವನ್ನೇ ನೋಡಿದಳು. ಗಂಡನಿಗೆ ಬುದ್ಧಿ ಕೆಟ್ಟಿತೆಂದುಕೊಂಡಳು. ಆಮೇಲೆ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ಅಲ್ಲಿ ಎಷ್ಟೋ ಹೊತ್ತು ನಿಂತಳು. ಒಮ್ಮೆ ಗಾಜು ನೋಡಿ, ಒಮ್ಮೆ ನಾಯಿಯನ್ನು ನೋಡಿ, ಮೇಲಿನಿಂದಲೇ ಷೆಡ್ಡಿನವರಿಗೂ ಬಲೆಯವರಿಗೂ ಕೇಳುವ ಹಾಗೆ ಕೂಗಿ ಕರೆದಳು. ಧಣಿಯನ್ನೂ ಕರೆಯಿರಿ ಎಂದಳು. ಧಣಿಯನ್ನು ಹಾಗೆ ಕೂಗಿ ಕರೆದವರು ಅಲ್ಲಿ ಯಾರೂ ಇರಲಿಲ್ಲ. ಕುತೂಹಲಕ್ಕೋ ಏನೋ, ಧಣಿ ಬಂದ.

ಅವನು ಏಣಿ ಹತ್ತುವಾಗ ಗೂಬೆ ಕೆಳಗಿನಿಂದ ಏಣಿ ಹಿಡಿದುಕೊಂಡಿದ್ದ. ಆಮೇಲೆ ಹಿಂದೆಯೇ ಹತ್ತಿ ಮೂಲೆಯಲ್ಲಿ ನಿಂತ. ಧಣಿ ಗಾಜಿನ ಮುಂದೆ ಬಗ್ಗಿದ. ಮೂರು ಮೀನು ಹಾದುಹೋದವು. ಧಣಿಯ ಮುಖದಲ್ಲಿ ಗುರುತು ಹಿಡಿದ ಒಂದು ಕಳೆ ಬಂದು ಹೋಯಿತು. ಅಂಗಡಿಯಲ್ಲಿ ಅವನು ಮನಸೋತದ್ದು ಇದೇ ಮೂರಕ್ಕೆ; ಟಿವಿಯಲ್ಲಿ ಒಂದೊಂದು ಮಚ್ಚೆಯಾಗಿ ನಿಲ್ಲಿಸಿ ನೋಡುವಾಗ ಅದು ಹೊಳೆದಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಿಲ್ಲೆಗೆ ಇಳಿಯದೆ ಉಳಿದಿದ್ದ ಮೇಲುಮೂಲೆಯ ಮಿಣುಕು ಅಕ್ಷರಗಳನ್ನು ಓದಿದ. ತುಟಿ ಅಲುಗಿದ್ದನ್ನು ಗೂಬೆ ಕಂಡ.

“ಇದು ಅಂಗಡೀಲಿ ಗಿರಾಕಿಗೆ ತೋರಿಸೋ ಆಟ,” ಎಂದು ಧಣಿ ತನಗೇ ಹೇಳಿಕೊಂಡ. “ನಿಜದ ಮೀನಲ್ಲ.”

“ಹಂಗಾದ್ರೆ ಬಾಗಿಲು ತೆಗೆಸಿ, ಧಣಿ,” ಎಂದಳು ಹೆಂಡತಿ.

ಧಣಿ ಅವಳನ್ನು ನೋಡಲಿಲ್ಲ. ಗೂಬೆಯನ್ನು ನೋಡಿ, ಮಗುವಿಗೆ ಪಾಠ ಹೇಳುವವನ ಸಮಾಧಾನದಲ್ಲಿ ಹೇಳಿದ.

“ಈಗ ತೆಗೆಸಿದ್ರೆ ನಾನು ತಪ್ಪು ಮಾಡಿದೆ ಅಂತ ಆಗುತ್ತೆ. ಸಂಜೆ ತೆಗೆಸಿದ್ರೆ ಕ್ಷಮಿಸಿದೆ ಅಂತ ಆಗುತ್ತೆ. ನಾಳೆಯಿಂದ ಇವರ ಕೈಲಿ ಕೆಲಸ ತೆಗೀಬೇಕಾದವನು ನಾನು. ಸಂಜೆ ತೆಗೀತಾರೆ.”

ಒಂದು ಗುಂಡಿ ಒತ್ತಿ ಯಂತ್ರ ಆರಿಸಿದ. ಏಣಿ ಇಳಿದು, ಮರಳು ಮೆತ್ತಿದ ಚಪ್ಪಲಿಯನ್ನು ದಿಮ್ಮಿಗೆ ಬಡಿದು ಕೊಡವಿ, ಕಚೇರಿಯ ಕಡೆ ನಡೆದ.

ಹೆಂಡತಿ ಕೂಗಾಡಲಿಲ್ಲ. ಕೆಳಗೆ ಇಳಿದು ದೋಣಿಯ ಸುತ್ತ ನಿಂತಿದ್ದವರಿಗೆ ಧಣಿ ಅಂದದ್ದನ್ನು ಅಂದ ಹಾಗೇ ಹೇಳಿದಳು. ಆಮೇಲೆ ಬಲೆ ತನ್ನಿ ಎಂದಳು. ಯಾವ ಬಲೆ ಎಂದು ಚುಕ್ಕಾಣಿಯವನು ಕೇಳಿದ. ದೊಡ್ಡದು ಎಂದಳು. ಮೀನು ಕಂಡಿದೆಯಲ್ಲ, ಹಿಡಿಯೋದು ಬೇಡವಾ?

ಬಲೆಯನ್ನು ದೋಣಿಯಡಿ ಹಾಸಿದರು. ನಾಯಿ ಎದ್ದು ದೂರ ಹೋಗಿ ಕೂತು ನೋಡಿತು. ಬಲೆಯವರಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಎಂಜಿನ್ನಿನವನಿಗೆ ಎಲ್ಲರಿಗಿಂತ ಮೊದಲು ಆಯಿತು. ಅವನು ನಡುಗುವ ಕೈಯಲ್ಲೇ ಹಗ್ಗದ ತುದಿ ಎತ್ತಿಕೊಂಡ. ಷೆಡ್ಡಿನ ಹೆಂಗಸರು ಚೂರಿಗಳನ್ನು ಸೊಂಟಕ್ಕೆ ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದರು. ಮಡಚದ ಕೈಯ ಗೂಬೆ ಹಗ್ಗವನ್ನು ಹೆಗಲಿನ ಮೇಲಿಂದ ಎಳೆದು ಎದೆಗೆ ಸುತ್ತಿಕೊಂಡ. ಎಲ್ಲರೂ ಅವನ ಕಡೆ ತಿರುಗಿದರು.

ಕೂಗು ಹಾಕಬೇಕಾದವನು ಅವನು. ಮೀನು ಕಂಡವನೇ ಮೊದಲು ಕೂಗಬೇಕು, ಆಮೇಲೆ ಉಳಿದವರು ದನಿಗೂಡಿಸಬೇಕು. ಆ ಕೆಲಸದಲ್ಲಿ ಹಾಗೆ. ಬೇರೆಯವರು ಮೊದಲು ಕೂಗಿದರೆ ಅದು ಕೂಗೇ ಅಲ್ಲ, ಅದಕ್ಕೆ ಯಾರೂ ಎಳೆಯುವುದಿಲ್ಲ. ಗೂಬೆ ಬಾಯಿ ತೆರೆದ. ಕಚೇರಿಯ ಮೆಟ್ಟಿಲ ಮೇಲೆ ಧಣಿ ನಿಂತು ನೋಡುತ್ತಿದ್ದ. ಸ್ಟೂಲು, ಪಾಲು ಮೀನು, ಮನೆಯ ಒಲೆ ಎಲ್ಲವೂ ಆ ಮೆಟ್ಟಿಲ ಮೇಲೆಯೇ ನಿಂತಿದ್ದವು.

“ಕಂಡಿದೀಯ ತಾನೆ?” ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

ಕಂಡದ್ದಂತೂ ಹೌದು. ಅಷ್ಟರಮಟ್ಟಿಗೆ ಸುಳ್ಳಿರಲಿಲ್ಲ.

“ಬಂ...” ಎಂದ ಗೂಬೆ. ಕುರಿಮರಿ ಅರಚಿದಂತಿತ್ತು. ಕಣ್ಣು ಮುಚ್ಚಿಕೊಂಡ. “ಬಂತೋ!”

ಬಂತೋ ಬಂತು ಎಂದು ಎಲ್ಲರೂ ಎತ್ತಿಕೊಂಡರು. ಬಲೆ ಎದ್ದಿತು, ಮರಳಿನ ಮೇಲೆ ಹರಿಯಿತು. ತುಂಬಿದ ಬಲೆ ಎಳೆಯುವವರು ಹೇಗೆ ಹಿಂದಕ್ಕೆ ಜೋಲಿ ಬಿದ್ದು ಎಳೆಯುತ್ತಾರೋ ಹಾಗೇ ಎಳೆದರು; ಖಾಲಿ ಬಲೆಗೆ ಅಷ್ಟು ಭಾರ ಎಲ್ಲಿಂದ ಬಂತೋ, ಅವರ ಕುತ್ತಿಗೆಯ ನರಗಳು ನಿಜವಾಗಿಯೇ ಉಬ್ಬಿದ್ದವು. ಬಡಗಿಯ ಚಪ್ಪಲಿ ಬಲೆಯಲ್ಲಿ ಸಿಕ್ಕಿ ಕುಣಿಯುತ್ತಾ ಬಂತು. ಬಲೆ ಐಸಿನ ಕೋಣೆಯ ಕಡೆ ತಿರುಗಿತು. ಬರುತ್ತಿರುವ ಬಲೆಗೆ ಅಡ್ಡ ನಿಂತವನ ಕಾಲು ಮುರಿಯುತ್ತದೆಂದು ಮೇಸ್ತ್ರಿಯ ಕಾಲಿಗೆ ಚಿಕ್ಕಂದಿನಿಂದ ಗೊತ್ತಿತ್ತು. ತಲೆ ತಿಳಿದುಕೊಳ್ಳುವ ಮೊದಲೇ ಕಾಲು ಪಕ್ಕಕ್ಕೆ ಹಾರಿತು. ನಿಲ್ಲಿಸೋ, ಬಾಗಿಲು ತೆಗೀಬೇಡ ಎಂದು ಅವನು ಕಿರುಚಿದ್ದು ಕೂಗಿನಲ್ಲಿ ಮುಳುಗಿತು.

ಐಸಜ್ಜ ಗೋಡೆಯ ಕಡೆ ತಿರುಗಿ ಕೂತಿದ್ದವನು ಎದ್ದ. ಖಾಲಿ ಬಲೆಯನ್ನು ನೋಡಿದ. ಚೆನ್ನಾಗಿಯೇ ನೋಡಿದ, ಅದು ಗೂಬೆಗೆ ಕಂಡಿತು. ಮುದುಕನ ಕಣ್ಣಿಗೆ ಏನೂ ಆಗಿರಲಿಲ್ಲ. ನಿಯಮದ ಪ್ರಕಾರ ಅಗುಳಿ ಎಳೆದ.

ಬಿಳಿ ಆವಿ ಹೊರಬಂತು. ಬಾಗಿಲಿಗೇ ಒರಗಿ ಕೂತಿದ್ದ ಭಾವಮೈದ ಬಾಗಿಲು ತೆರೆದುಕೊಂಡಾಗ ಹಾಗೇ ಬಲೆಯ ಮೇಲೆ ಉರುಳಿದ. ಮೈ ಮೇಲೆ ಒಂದು ಗೋಣಿಚೀಲ, ರೆಪ್ಪೆಗೆ ಹಿಮ, ತುಟಿ ನೀಲಿ. ಕೂಗು ನಿಂತಿತು. ಬಲೆಯ ನಾಲ್ಕು ಮೂಲೆ ಹಿಡಿದು ಎತ್ತಿ ಬಿಸಿಲಿಗೆ ತಂದರು. ಅಂದಿನ ಬಲೆಗೆ ಬಿದ್ದದ್ದು ಅವನೊಬ್ಬನೇ. ಅಕ್ಕ ಅವನ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಮುಟ್ಟಿದರೆ ಮರ. ಸುತ್ತಲು ಒಣಬಟ್ಟೆ ಹುಡುಕಿದಳು. ಅಲ್ಲಿದ್ದವರೆಲ್ಲರ ಬಟ್ಟೆಯೂ ಒದ್ದೆ. ಗೂಬೆ ಕುತ್ತಿಗೆಯಿಂದ ಟವೆಲ್ಲು ತೆಗೆದುಕೊಟ್ಟ. ಅದು ತನ್ನ ಕುತ್ತಿಗೆಯಲ್ಲಿತ್ತೆಂಬುದು ಅವನಿಗೆ ಗೊತ್ತಾದದ್ದೇ ಆಗ.

“ಅದು ಯಂತ್ರದ ಟವೆಲ್ಲು ಕಣೇ,” ಎಂದ ಮೇಸ್ತ್ರಿ. ಧಣಿ ನೋಡುತ್ತಿರುವಾಗ ಏನಾದರೂ ಅನ್ನಲೇಬೇಕಲ್ಲ.

ಅವಳು ತಮ್ಮನ ಎರಡೂ ಪಾದಗಳನ್ನು ಸೇರಿಸಿ ಟವೆಲ್ಲು ಸುತ್ತಿ ಗಂಟು ಹಾಕಿದಳು. ಸೊಂಟದ ಚೂರಿಯನ್ನು ತೆಗೆದು ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು.

“ಬಾ,” ಎಂದಳು. “ಬಿಚ್ಕೊಂಡು ಹೋಗು.”

ಮೇಸ್ತ್ರಿ ಧಣಿಯ ಕಡೆ ನೋಡಿದ. ಧಣಿ ಮೆಟ್ಟಿಲ ಮೇಲೆ ಇರಲಿಲ್ಲ. ಕಚೇರಿಯ ಬಾಗಿಲು ಮುಚ್ಚಿತ್ತು. ಗೂಬೆ ಹೋಗಿ ಹೆಂಡತಿಗೂ ಮೇಸ್ತ್ರಿಗೂ ನಡುವೆ ನಿಂತ.

ಭಾವಮೈದನ ಎಡಗಾಲಿನ ಎರಡು ಬೆರಳು ಹೋದವು. ಐಸಜ್ಜನನ್ನು ಕೆಲಸದಿಂದ ತೆಗೆದರು. ದೋಣಿಗೂ ಷೆಡ್ಡಿಗೂ, ಆ ದಿನ ಹಗ್ಗ ಹಿಡಿದವರೆಲ್ಲರ ಜಾಗಕ್ಕೆ, ಹೊಸ ಜನ ಬಂದರು. ಯಂತ್ರಕ್ಕೆ ಹೊಸ ಟವೆಲ್ಲು ಬಂತು.